ಡಿಸ್ಕ್ ತುಂಬಿದಾಗ: ಡಿಯು ಸಾಕಾ, ಎನ್‌ಸಿಡಿಯು ಬೇಕಾ?

ಡಿಸ್ಕ್‌ನಲ್ಲಿ ಯಾವುದು ಜಾಗ ತಿಂದಿದೆ ಎಂದು ಟರ್ಮಿನಲ್‌ನಲ್ಲಿ ಆದೇಶ ಕೊಟ್ಟು ಹುಡುಕಬೇಕು. ಮೊದಲು ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್ ವಿಷಯ ಮುಗಿಸೋಣ. ‘ಎಲ್‌ಎಸ್ -ಎಲ್‌ಎ’ ಎಂದರೆ ಅಡಗಿದ ಫೈಲ್‌ಗಳೂ ಕಾಣುತ್ತವೆ, ನಿಜ. ಆದರೆ ಫೋಲ್ಡರ್ ಮುಂದೆ ಸಾಮಾನ್ಯವಾಗಿ ಕಾಣುವ 4096 ಅದರ ಒಳಗಿರುವ ಫೈಲ್‌ಗಳ ಗಾತ್ರವಲ್ಲ. ಹಾಗಾಗಿ ಈ ಕೆಲಸಕ್ಕೆ ಅದು ಬೇಡ.

ಉಳಿದದ್ದು ಡಿಯು ಮತ್ತು ಎನ್‌ಸಿಡಿಯು. ಎರಡೂ ಫೋಲ್ಡರ್ ಒಳಗಿನದನ್ನೆಲ್ಲ ಕೂಡಿಸಿ ಗಾತ್ರ ಹೇಳುತ್ತವೆ.

ಡಿಯು ಎಲ್ಲ ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲೂ ಮೊದಲೇ ಇರುತ್ತದೆ. ಇದೇ ಅದರ ದೊಡ್ಡ ಬಲ. ಆದರೆ ಜಾಸ್ತಿ ಜನ ಬಳಸುವ ‘ಡಿಯು -ಎಸ್‌ಎಚ್ *’ ಆದೇಶದಲ್ಲಿ ಒಂದು ತೊಡಕು ಇದೆ. ನಕ್ಷತ್ರ ಚಿಹ್ನೆಯನ್ನು ಫೈಲ್ ಹೆಸರುಗಳಾಗಿ ಬಿಡಿಸುವುದು ಶೆಲ್ (ನಾವು ಬರೆದ ಆದೇಶ ಓದಿ ನಡೆಸುವ ಪ್ರೋಗ್ರಾಂ), ಡಿಯು ಅಲ್ಲ. ಚುಕ್ಕೆಯಿಂದ ಶುರುವಾಗುವ, ಅಂದರೆ ಅಡಗಿದ, ಹೆಸರುಗಳನ್ನು ಶೆಲ್ ಸುಮ್ನೆ ಬಿಟ್ಟುಬಿಡುತ್ತದೆ. ಹೋಮ್ ಫೋಲ್ಡರ್‌ನಲ್ಲಿ ಜಾಗ ತಿನ್ನುವುದು ಎಷ್ಟೋ ಸಲ ‘.ಕ್ಯಾಶ್’ ಥರದವೇ, ಅಲ್ವಾ? ಅವೇ ಪಟ್ಟಿಯಲ್ಲಿ ಇರುವುದಿಲ್ಲ. ಅದರ ಬದಲು ಲಿನಕ್ಸ್‌ನಲ್ಲಿ ‘ಡಿಯು -ಎಎಚ್ -ಡಿ 1 | ಸಾರ್ಟ್ -ಎಚ್’ ಬಳಸಿ. ಅಡಗಿದ ಫೈಲು, ಫೋಲ್ಡರು ಎಲ್ಲ ಬರುತ್ತವೆ, ದೊಡ್ಡದು ಕೊನೆಯಲ್ಲಿ.

ಎನ್‌ಸಿಡಿಯು ಸಾಮಾನ್ಯವಾಗಿ ಬೇರೆಯಾಗಿ ಹಾಕಿಕೊಳ್ಳಬೇಕು. ಅಡಗಿದವನ್ನೂ ತಾನಾಗಿಯೇ ಎಣಿಸಿ, ದೊಡ್ಡದನ್ನು ಮೇಲಿಡುತ್ತದೆ. ಬಾಣದ ಕೀಲಿ ಒತ್ತುತ್ತಾ ಒಳಗೆ ಇಳಿಯಬಹುದು. ‘ಡಿ’ ಒತ್ತಿದರೆ ಅಳಿಸುತ್ತದೆ, ಕೇಳಿಯೇ ಅಳಿಸುತ್ತದೆ. ಆದರೂ ಸರ್ವರ್‌ನಲ್ಲಿ ‘-ಆರ್’ ಹಾಕಿ ತೆರೆಯಿರಿ, ಆಗ ಅಳಿಸಲು ಬಿಡುವುದಿಲ್ಲ.

ಸ್ಕ್ರಿಪ್ಟ್ ಬರೆಯುವುದಾದರೆ ಡಿಯು. ಯಾವುದು ಜಾಗ ತಿಂದಿದೆ ಎಂದು ಹುಡುಕುವುದಾದರೆ ನನ್ನ ಆಯ್ಕೆ ಎನ್‌ಸಿಡಿಯು, ಸಂಶಯವೇ ಇಲ್ಲ. ಎರಡರಲ್ಲೂ ‘-ಎಕ್ಸ್’ ಕೊಟ್ಟರೆ ಬೇರೆ ಡಿಸ್ಕ್‌ಗೆ ದಾಟುವುದಿಲ್ಲ.

ಇಡೀ ಡಿಸ್ಕ್‌ನಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಎಂದು ತೋರಿಸುವ ಡಿಎಫ್ ಹೇಳುವ ಲೆಕ್ಕ ಇವೆರಡಕ್ಕಿಂತ ತುಂಬಾ ಜಾಸ್ತಿ ಇದ್ದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿರಬಹುದು. ಅದನ್ನು ತೆರೆದ ಫೈಲ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ನಲ್ಲಿ ಹುಡುಕಿ.