ಹದಡಿ ರಸ್ತೆಯ ಫಿಸಿಯೋಥೆರಪಿ ಕೇಂದ್ರ: ಬಾಯಿಮಾತಿನಲ್ಲಿ ಹೇಳದೆ ಅಳೆದು ಹೇಳುತ್ತಾರೆ

ದಾವಣಗೆರೆಯ ಹದಡಿ ರಸ್ತೆಯ ಈ ಕೇಂದ್ರಕ್ಕೆ ನಮ್ಮ ಅತ್ತೆಯವರನ್ನು ಹರಿಹರದಿಂದ ಕರೆದುಕೊಂಡು ಬರುತ್ತೇನೆ. ಅವರಿಗಿರುವುದು ಎಚ್‌ಟಿಎಲ್‌ವಿ-1 ಎಂಬ ವೈರಸ್‌ನಿಂದ ಬರುವ ಬೆನ್ನುಹುರಿಯ ಕಾಯಿಲೆ. ಜಪಾನಿನ ನೈರುತ್ಯ ಭಾಗ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್ ಮುಂತಾದ ಕಡೆ ಹೆಚ್ಚು. ನಮ್ಮ ಕಡೆ ಹೆಸರು ಕೇಳಿದವರೇ ಅಪರೂಪ. ಕಾಲುಗಳು ವರ್ಷಗಟ್ಟಲೆ ಮೆಲ್ಲಗೆ ಬಿಗಿಯುತ್ತಾ ಹೋಗುತ್ತವೆ, ಸೊಂಟ ನೋಯುತ್ತದೆ, ಮೂತ್ರ ತಡೆಯಲು ಆಗುವುದಿಲ್ಲ. ವೈರಸ್ಸನ್ನೇ ದೇಹದಿಂದ ಹೊರಹಾಕುವ ಔಷಧ ಇನ್ನೂ ಇಲ್ಲ. ಹಾಗಾಗಿ ಉಳಿದಿರುವ ನಡಿಗೆಯನ್ನು ಕಾಪಾಡಿಕೊಳ್ಳಬೇಕು. ಕಾಪಾಡಿಕೊಂಡಿದ್ದೇವೆಯೇ ಎಂಬುದು ಅಳೆದರೆ ಮಾತ್ರ ಗೊತ್ತಾಗುತ್ತದೆ.

ಮೊದಲು ಹೋಗುತ್ತಿದ್ದ ಕಡೆ ಅತ್ತೆಯವರನ್ನು ಮಂಚದ ಮೇಲೆ ಮಲಗಿಸಿ, ಕಾಲಿನಿಂದ ಕೈಯನ್ನು ತಳ್ಳಿಸಿ, "ಶಕ್ತಿ ಚೆನ್ನಾಗಿದೆ, ಸುಧಾರಿಸಿದ್ದಾರೆ" ಎನ್ನುತ್ತಿದ್ದರು. ಮಂಚದಿಂದ ಇಳಿದು ನಿಂತರೆ ಮಂಡಿ ಮಡಚುತ್ತಿರಲಿಲ್ಲ, ಕಾಲ್ಬೆರಳು ನೆಲಕ್ಕೆ ಉಜ್ಜಿ ಎಡವುತ್ತಿದ್ದರು. ಈ ಕಾಯಿಲೆಯಲ್ಲಿ ಶಕ್ತಿ ಇದ್ದರೂ ಬಿಗಿತವೇ ನಡಿಗೆಯನ್ನು ಕೆಡಿಸಬಹುದು. ಮಲಗಿದವರನ್ನು ನೋಡಿ ಅದನ್ನೆಲ್ಲ ಹೇಳಿಬಿಡಲು ಹೇಗೆ ಸಾಧ್ಯ?

ಇಲ್ಲಿ ಉದ್ದನೆಯ ಪಡಸಾಲೆಯ ನೆಲಕ್ಕೆ ಹಳದಿ ಟೇಪ್ ಅಂಟಿಸಿ 10 ಮೀಟರ್ ಗುರುತು ಮಾಡಿದ್ದಾರೆ. ಗುರುತಿಗಿಂತ ಸ್ವಲ್ಪ ಹಿಂದಿನಿಂದ ನಡೆಸಿಕೊಂಡು ಬಂದು, ಟೇಪ್ ದಾಟುವಾಗ ಸ್ಟಾಪ್‌ವಾಚ್ ಒತ್ತುತ್ತಾರೆ. ಎರಡು ಸಲ ನಡೆಸಿ ಎರಡನ್ನೂ ಬರೆದುಕೊಳ್ಳುತ್ತಾರೆ. "ಅಮ್ಮಾ, ಹೋದ ಸಲದ ಕೋಲೇ ತಾನೇ? ಚಪ್ಪಲಿ ಬದಲಾಯಿಸಿದ್ದೀರಾ? ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ?" ಎಂದು ಅಳತೆ ಮಾಡುವ ಹುಡುಗಿ ಪ್ರತಿ ಸಲವೂ ಕೇಳುತ್ತಾಳೆ. ಇಷ್ಟೇಕೆ ವಿಚಾರಣೆ ಎಂದು ಮೊದಮೊದಲು ಅತ್ತೆಯವರಿಗೆ ಬೇಸರವಾಗುತ್ತಿತ್ತು. ಇವುಗಳಲ್ಲಿ ಒಂದು ಬದಲಾದರೂ ಸೆಕೆಂಡುಗಳು ಬದಲಾಗುತ್ತವೆ, ಆಮೇಲೆ ಬದಲಾದದ್ದು ಕಾಲೋ ಚಪ್ಪಲಿಯೋ ಹೇಳಲಾಗದು ಎಂದು ಆಕೆಯೇ ಕುಳಿತು ವಿವರಿಸಿದಳು.

ಆ ಶ್ರದ್ಧೆಯಿಂದ ನಮಗಾದ ಉಪಕಾರ ದೊಡ್ಡದು. ಬಿಗಿತ ಕಡಿಮೆಯಾಗಲೆಂದು ಕೊಡುವ ಬ್ಯಾಕ್ಲೋಫೆನ್ ಮಾತ್ರೆಯ ಪ್ರಮಾಣವನ್ನು ವೈದ್ಯರು ಹೆಚ್ಚಿಸಿದ್ದರು. ಮಲಗಿಸಿ ಮಂಡಿಯನ್ನು ಬೇಗ ಮಡಚಿ ನೋಡುವ ಆಶ್‌ವರ್ತ್ ಮಾಪನದಲ್ಲಿ ಬಿಗಿತ 3ರಿಂದ 2ಕ್ಕೆ ಇಳಿದಿತ್ತು. ನಮಗೆಲ್ಲ ಸಂತೋಷ. ಆದರೆ 22 ಸೆಕೆಂಡಿನಲ್ಲಿ ದಾಟುತ್ತಿದ್ದ 10 ಮೀಟರಿಗೆ 29 ಸೆಕೆಂಡು ಬೇಕಾಯಿತು! ಅತ್ತೆಯವರು ಆ ಬಿಗಿತದ ಆಸರೆಯಿಂದಲೇ ನೆಟ್ಟಗೆ ನಿಲ್ಲುತ್ತಿದ್ದರು; ಅದು ಸಡಿಲವಾದಾಗ ಮಂಡಿ ಕುಸಿಯತೊಡಗಿತ್ತು. ಎರಡೂ ಅಂಕಿಗಳನ್ನು ಬರೆದ ಚೀಟಿಯನ್ನು ನರರೋಗ ತಜ್ಞರಿಗೆ ತೋರಿಸಿದೆವು, ಅವರು ಪ್ರಮಾಣ ಇಳಿಸಿದರು. ನಡಿಗೆ ಮತ್ತೆ 23ಕ್ಕೆ ಬಂತು. ಬಿಗಿತವೊಂದನ್ನೇ ಅಳೆಯುವವರಾಗಿದ್ದರೆ ಇದನ್ನೂ 'ಸುಧಾರಣೆ' ಎಂದೇ ಬರೆಯುತ್ತಿದ್ದರು.

ಈ ಕಾಯಿಲೆಗೆಂದೇ ಜಪಾನಿನ ವೈದ್ಯ ಒಸಾಮೆ ಅವರ ಹೆಸರಿನ ಒಂದು ಮಾಪನವಿದೆ. 0 ಎಂದರೆ ನಡಿಗೆ, ಓಟ ಎರಡೂ ಸರಿ. 13 ಎಂದರೆ ಪೂರ್ತಿ ಹಾಸಿಗೆ ಹಿಡಿದ ಸ್ಥಿತಿ. ಮೆಟ್ಟಿಲಿಗೆ ಕಂಬಿ ಬೇಕಾದರೆ 4, ಒಂದು ಕೈಗೆ ಆಸರೆ ಬೇಕಾದರೆ 5, ಎರಡೂ ಕೈಗೆ ಬೇಕಾದರೆ 6. ಅತ್ತೆಯವರು 5ರಲ್ಲಿದ್ದಾರೆ. ಕೇಂದ್ರದವರು ಇದನ್ನೂ ದಾಖಲಿಸುತ್ತಾರೆ, ಆದರೆ ಇದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಅದು ನನಗೆ ಸರಿಯೆನಿಸುತ್ತದೆ. 5ರಿಂದ 6ಕ್ಕೆ ಹೋಗಲು ವರ್ಷಗಳೇ ಹಿಡಿಯಬಹುದು. ಆ ನಡುವೆ ದೇವರ ಕೋಣೆಗೆ ಹೋಗಿಬರುವುದು ಎಷ್ಟು ಕಷ್ಟವಾಯಿತು ಎಂಬುದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಮೂತ್ರದ ತೊಂದರೆಯೂ ಅದರಲ್ಲಿ ಬರುವುದಿಲ್ಲ. ಬ್ರೆಜಿಲ್‌ನಲ್ಲಿ ರೂಪಿಸಿದ ಐಪೆಕ್ ಮಾಪನದಲ್ಲಿ ನಡಿಗೆಯ ಜೊತೆಗೆ ಬಿಗಿತ, ಜೋಮು, ನೋವು, ಮಲಮೂತ್ರದ ಹಿಡಿತ ಎಲ್ಲಕ್ಕೂ ಅಂಕಗಳಿವೆ. ಈ ಕೇಂದ್ರದಲ್ಲೂ ಪರದೆ ಎಳೆದು, ನನ್ನನ್ನೂ ಹೊರಗೆ ಕೂರಿಸಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಬಟ್ಟೆ ಒದ್ದೆಯಾಗುತ್ತದೆಯೇ ಎಂದು ಮೆಲುದನಿಯಲ್ಲಿ ಕೇಳುತ್ತಾರೆ. ಮನೆಯಲ್ಲಿ ಮಗನಿಗೂ ಹೇಳಿಕೊಳ್ಳದಿದ್ದ ಸಂಗತಿಯನ್ನು ಅತ್ತೆಯವರು ಅಲ್ಲಿ ಹೇಳಿದರು. ಮದುವೆ ಮನೆಗಳಿಗೆ ಬರಲೊಲ್ಲೆ ಎನ್ನುತ್ತಿದ್ದುದರ ಕಾರಣ ನನಗೆ ತಿಳಿದದ್ದೂ ಆಗಲೇ.

ಇನ್ನೊಂದು ಮಾತು. ವೈರಸ್ ಎಂದ ಕೂಡಲೇ ದೂರ ಸರಿದು ನಿಂತವರನ್ನು ನಾವು ನೋಡಿದ್ದೇವೆ. ಇದು ಹರಡುವುದು ಎದೆಹಾಲು, ಲೈಂಗಿಕ ಸಂಪರ್ಕ ಮತ್ತು ರಕ್ತದ ಮೂಲಕ. ಮುಟ್ಟಿದರೆ, ಜೊತೆಯಲ್ಲಿ ಕುಳಿತು ಉಂಡರೆ ಹರಡುವುದಿಲ್ಲ. ಇಲ್ಲಿ ಯಾರೂ ಅತ್ತೆಯವರ ಕಾಲು ಹಿಡಿಯಲು ಹಿಂಜರಿಯಲಿಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಕೇಂದ್ರ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಲು ಬಿಗಿದವರು ಮೆಟ್ಟಿಲು ಹತ್ತಿ ದಣಿದು ಬಂದ ಮೇಲೆ ನಡಿಗೆ ಅಳೆಯುವುದು ನ್ಯಾಯವಲ್ಲ. ನಾವು ಹೇಳಿದ ಮೇಲೆ ಈಗ ಕೂರಿಸಿ ವಿಶ್ರಾಂತಿ ಕೊಡುತ್ತಾರೆ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ, ಅದನ್ನು ಈ ತಿಂಗಳೇ ಹಾಕಿಸಬೇಕು. ಸಂಜೆ ಜನ ಹೆಚ್ಚಾದಾಗ ಪಡಸಾಲೆಯಲ್ಲಿ ಕುರ್ಚಿ ಇಟ್ಟುಬಿಡುತ್ತಾರೆ, ಆಗ ಅಳತೆಯನ್ನು ಮುಂದಿನ ವಾರಕ್ಕೆ ಹಾಕುತ್ತಾರೆ. ಹರಿಹರದಿಂದ ಬಂದವರಿಗೆ ಅದು ಸಣ್ಣ ತೊಂದರೆಯಲ್ಲ.

ಶುಲ್ಕ ಒಂದು ಸಲಕ್ಕೆ 400 ರೂಪಾಯಿ, ಅಳತೆಗೆ ಬೇರೆ ಹಣವಿಲ್ಲ. ಅಂಗವಿಕಲರ ಗುರುತಿನ ಚೀಟಿಗೆ ಬೇಕಾದ ಶೇಕಡಾವಾರು ಪ್ರಮಾಣಪತ್ರ ಇಲ್ಲಿ ಸಿಗುವುದಿಲ್ಲ, ಅದನ್ನು ಸರ್ಕಾರಿ ವೈದ್ಯಕೀಯ ಮಂಡಳಿಯೇ ಕೊಡಬೇಕು. ಆದರೂ ಇಲ್ಲಿನ ದಾಖಲೆಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಕೇಳದಿದ್ದರೆ ಕೊಡುವುದಿಲ್ಲ. ಬರುವುದಾದರೆ ಬೆಳಗ್ಗೆಯೇ ಬನ್ನಿ, ದಿನಾ ಬಳಸುವ ಕೋಲು ಮತ್ತು ಚಪ್ಪಲಿಯಲ್ಲೇ ಬನ್ನಿ, ಮಾತ್ರೆ ತೆಗೆದುಕೊಂಡ ಹೊತ್ತನ್ನು ಬರೆದಿಟ್ಟುಕೊಳ್ಳಿ.