ಆಕ್ಷನ್ ಕ್ಯಾಮೆರಾದ ಟೈಮ್‌ಲ್ಯಾಪ್ಸ್: ಎಷ್ಟು ಸೆಕೆಂಡಿಗೊಂದು ಚಿತ್ರ?

ಒಂದು ವರ್ಷದಿಂದ ನಾನು ಬಳಸುತ್ತಿರುವ ಆಕ್ಷನ್ ಕ್ಯಾಮೆರಾದಲ್ಲಿ ಟೈಮ್‌ಲ್ಯಾಪ್ಸ್ (ಬಿಡಿಬಿಡಿಯಾಗಿ ತೆಗೆದ ಚಿತ್ರಗಳನ್ನು ಜೋಡಿಸಿ, ನಿಧಾನದ ದೃಶ್ಯವನ್ನು ವೇಗವಾಗಿ ತೋರಿಸುವ) ವಿಡಿಯೊ ಮೋಡ್ ತೆರೆದರೆ ಅರ್ಧ ಸೆಕೆಂಡಿನಿಂದ ಶುರುವಾಗಿ 1, 2, 5, 10, 30, 60 ಸೆಕೆಂಡುಗಳ ಇಂಟರ್ವಲ್‌ಗಳು (ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಸಮಯ) ಸಾಲಾಗಿ ಕಾಣುತ್ತವೆ. ಚಿತ್ರದ ಗುಣಮಟ್ಟದ ಬಗ್ಗೆ ನನ್ನ ದೂರಿಲ್ಲ. ಆದರೆ ವಿಡಿಯೊ ಚೆನ್ನಾಗಿ ಬರುವುದೂ ಕೆಡುವುದೂ ಈ ಒಂದು ಅಂಕಿಯನ್ನೇ ಅವಲಂಬಿಸಿರುವಾಗ, ಅದನ್ನು ಆರಿಸಿಕೊಳ್ಳಲು ಕ್ಯಾಮೆರಾ ಯಾವ ನೆರವನ್ನೂ ಕೊಡುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಲೆಕ್ಕವೇನೋ ಸರಳವಾಗಿದೆ. ಸಿದ್ಧವಾದ ವಿಡಿಯೊ ಸೆಕೆಂಡಿಗೆ 30 ಫ್ರೇಮ್‌ಗಳಂತೆ (ಬಿಡಿ ಚಿತ್ರಗಳಂತೆ) ಓಡುವುದರಿಂದ, ಸೆಕೆಂಡಿಗೊಂದು ಚಿತ್ರ ತೆಗೆದರೆ ದೃಶ್ಯ 30 ಪಟ್ಟು ವೇಗವಾಗಿ ಸಾಗುತ್ತದೆ. 5 ಸೆಕೆಂಡಿಗೊಂದಾದರೆ 150 ಪಟ್ಟು. ನಾನು ಮೊದಲ ಬಾರಿ ಸೂರ್ಯಾಸ್ತ ಸೆರೆಹಿಡಿಯಲು ಹೋದಾಗ ಈ ಲೆಕ್ಕ ಹಾಕದೆ, ನಿಧಾನದ ದೃಶ್ಯವೆಂದು 30 ಸೆಕೆಂಡನ್ನು ಆರಿಸಿಬಿಟ್ಟೆ. ಒಂದೂವರೆ ಗಂಟೆ ಕಾದದ್ದಕ್ಕೆ ಸಿಕ್ಕಿದ್ದು 180 ಫ್ರೇಮ್‌ಗಳು, ಅಂದರೆ ಬರೀ 6 ಸೆಕೆಂಡಿನ ವಿಡಿಯೊ. ಸಮಯ ಕಡಿಮೆಯಾದದ್ದಕ್ಕಿಂತ ಹೆಚ್ಚು ಬೇಸರ ತಂದದ್ದು ಮೋಡಗಳು: ಒಂದು ಫ್ರೇಮಿನಲ್ಲಿ ಮರದ ತುದಿಗೆ ತಾಗಿಕೊಂಡಿದ್ದ ಮೋಡದ ಅಂಚು ಮುಂದಿನ ಫ್ರೇಮಿನಲ್ಲಿ ಮರವನ್ನು ದಾಟಿ ಎಲ್ಲೋ ಇತ್ತು, ನಡುವಿನ ಚಲನೆಯೇ ಇರಲಿಲ್ಲ. ಇನ್ನೊಂದು ಸಂಜೆ ಅದೇ ಜಾಗದಲ್ಲಿ, ಅಷ್ಟೇ ಹೊತ್ತು 5 ಸೆಕೆಂಡಿನ ಇಂಟರ್ವಲ್ ಇಟ್ಟು ತೆಗೆದಾಗ 36 ಸೆಕೆಂಡಿನ ವಿಡಿಯೊ ಬಂತು. ಮೋಡಗಳು ಹರಿಯುವಂತೆ ಸಾಗಿದವು.

ಹಾಗಾಗಿ ಘಟನೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕಿಂತ, ಚೌಕಟ್ಟಿನೊಳಗಿನ ವಸ್ತು ಎಷ್ಟು ಬೇಗ ಸ್ಥಳ ಬದಲಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಜನ, ವಾಹನ, ಸಕ್ಕರೆ ಹೊತ್ತು ಸಾಗುವ ಇರುವೆಗಳ ಸಾಲು, ಇವಕ್ಕೆ ಅರ್ಧದಿಂದ 1 ಸೆಕೆಂಡು ಬೇಕು. ಗಾಳಿ ಜೋರಾಗಿರುವ ದಿನದ ಮೋಡಗಳಿಗೆ 2, ಸೋಮಾರಿ ಮೋಡಗಳಿಗೆ 5 ಸೆಕೆಂಡು ಸಾಕು. ನೆರಳು ಸರಿಯುವುದಕ್ಕೆ, ಕಟ್ಟಡದ ಕೆಲಸಕ್ಕೆ 30 ಅಥವಾ 60. ಎರಡರ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಹೆಚ್ಚಾದ ಫ್ರೇಮ್‌ಗಳನ್ನು ಎಡಿಟಿಂಗ್‌ನಲ್ಲಿ ಬಿಟ್ಟು ವೇಗ ಹೆಚ್ಚಿಸಬಹುದು, ಆದರೆ ತೆಗೆಯದೇ ಉಳಿದ ಫ್ರೇಮನ್ನು ಯಾರೂ ತಂದುಕೊಡಲಾರರು.

ಹಗಲಿನಲ್ಲಿ ಇನ್ನೊಂದು ತೊಡಕಿದೆ. ಈ ಕ್ಯಾಮೆರಾದ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಬದಲಾಯಿಸಲು ಬರುವುದಿಲ್ಲವಾದ್ದರಿಂದ, ಬಿಸಿಲು ಹೆಚ್ಚಿದಂತೆ ಶಟರ್ ವೇಗವನ್ನೇ ಏರಿಸಿ, ಅಂದರೆ ಬೆಳಕು ಒಳಬರುವ ಹೊತ್ತನ್ನು ಕಡಿಮೆ ಮಾಡಿ, ಅದು ಬೆಳಕನ್ನು ಹದಕ್ಕೆ ತರುತ್ತದೆ. ಆಗ ಪ್ರತಿ ಫ್ರೇಮೂ ಕತ್ತರಿಸಿದಷ್ಟು ಚೂಪಾಗಿ ಬಂದು, ಇಂಟರ್ವಲ್ ಸ್ವಲ್ಪ ಉದ್ದವಾದರೂ ಚಲನೆ ಜಿಗಿದಂತೆ ಕಾಣುತ್ತದೆ. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಕಪ್ಪು ಗಾಜು) ಹಾಕಿದರೆ ಶಟರ್ ನಿಧಾನವಾಗಿ, ಚಲನೆಗೆ ತುಸು ಮಸುಕು ಸೇರಿ ಕಣ್ಣಿಗೆ ಹಿತವಾಗುತ್ತದೆ. ವೈಟ್ ಬ್ಯಾಲೆನ್ಸನ್ನು (ಬಣ್ಣಗಳ ಛಾಯೆಯನ್ನು ಹದಗೊಳಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡದೆ ಸ್ಥಿರವಾಗಿಡುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಬಣ್ಣ ಫ್ರೇಮಿನಿಂದ ಫ್ರೇಮಿಗೆ ಮಿನುಗುತ್ತದೆ.

ಉದ್ದದ ಇಂಟರ್ವಲ್ ಇಟ್ಟರೆ ಬ್ಯಾಟರಿ ಉಳಿಯುತ್ತದೆಂದು ನಾನು ನಂಬಿದ್ದೆ. ಆದರೆ ಎರಡು ಚಿತ್ರಗಳ ನಡುವೆಯೂ ಕ್ಯಾಮೆರಾ ಎಚ್ಚರವಾಗಿಯೇ ಇರುವುದರಿಂದ ಉಳಿತಾಯ ಅಲ್ಪ. ಎರಡು ಗಂಟೆ ತುಂಬುವ ಮೊದಲೇ ಅದು ಆರಿಹೋಯಿತು. ಈಗ ಪವರ್ ಬ್ಯಾಂಕ್ ಜೋಡಿಸದೆ ದೀರ್ಘ ಚಿತ್ರೀಕರಣಕ್ಕೆ ಇಳಿಯುವುದಿಲ್ಲ.

ದಾಸವಾಳದ ಮೊಗ್ಗು ಅರಳುವುದನ್ನು ತೆಗೆಯುವಾಗ ಕ್ಯಾಮೆರಾದ ಇಂಟರ್ವಲ್ ಪಟ್ಟಿಯ ದೊಡ್ಡ ಕೊರತೆ ತಿಳಿಯಿತು. ನಾಲ್ಕು ಗಂಟೆಗೆ 30 ಸೆಕೆಂಡಿನ ಲೆಕ್ಕದಲ್ಲಿ 16 ಸೆಕೆಂಡಿನ ವಿಡಿಯೊ, 10ರಲ್ಲಾದರೆ 48 ಸೆಕೆಂಡು. ಮೊದಲನೆಯದರಲ್ಲಿ ದಳಗಳು ಬಿಚ್ಚಿಕೊಳ್ಳುವ ಕ್ಷಣ ಸರ‍್ರನೆ ಕಳೆದುಹೋಗುತ್ತದೆ, ಎರಡನೆಯದು ಆರಂಭದಲ್ಲಿ ಎಳೆಯುತ್ತದೆ. ನನಗೆ ಬೇಕಿದ್ದದ್ದು 15 ಅಥವಾ 20, ಅದು ಪಟ್ಟಿಯಲ್ಲಿಲ್ಲ. ಕೊನೆಗೆ 10ರಲ್ಲೇ ತೆಗೆದು, ಮೊಗ್ಗು ಸುಮ್ಮನಿದ್ದ ಭಾಗವನ್ನು ಮಾತ್ರ ಕಂಪ್ಯೂಟರಿನಲ್ಲಿ ಎರಡು ಪಟ್ಟು ಓಡಿಸಿದೆ.