ವಸ್ತ್ರ ಇತಿಹಾಸದ ತರಗತಿಯಲ್ಲಿ ಲ್ಯಾಕ್ಮಾ ಪ್ಯಾಟರ್ನ್‌ಗಳು

ಲ್ಯಾಕ್ಮಾ ಎಂದೇ ಹೆಸರಾದ ಲಾಸ್ ಏಂಜಲೀಸ್ ಕೌಂಟಿ ಕಲಾ ವಸ್ತುಸಂಗ್ರಹಾಲಯವು ತನ್ನಲ್ಲಿರುವ ಕೆಲವು ಹಳೆಯ ಉಡುಪುಗಳನ್ನು ಅಳೆದು, ಅವುಗಳ ಒಂದೊಂದು ತುಂಡಿನ ಆಕಾರವನ್ನೂ ಚೌಕಳಿ ಹಾಳೆಯ ಮೇಲೆ ಬರೆಸಿ, ಆ ಪ್ಯಾಟರ್ನ್‌ಗಳನ್ನು ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದೆ. ಫ್ಯಾಷನ್ ವಿನ್ಯಾಸದ ವಿದ್ಯಾರ್ಥಿಗಳಿಗೆ ಉಡುಪಿನ ಇತಿಹಾಸ ಕಲಿಸುವ ನಾನು ಇವುಗಳನ್ನು ಪಾಠಕ್ಕೆ ಬಳಸುತ್ತೇನೆ. ಚಿತ್ರ ತೋರಿಸಿ ಇಸವಿ ಬರೆಸುವ ಪಾಠದಿಂದ ಒಂದು ಉಡುಪು ಹೇಗೆ ಕಾಣುತ್ತಿತ್ತು ಎಂಬುದು ತಿಳಿಯಬಹುದು. ಅದು ಹಾಗೇಕೆ ಇತ್ತು ಎಂಬುದು ಬಟ್ಟೆಗೆ ಕತ್ತರಿ ಹಾಕುವಾಗಲೇ ಮನಸ್ಸಿಗೆ ಇಳಿಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ಸಂಗ್ರಹದಲ್ಲಿ ಪಾಠಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗಿಬರುವುದು 1940ರ ದಶಕದ ಆರಂಭದ ಝೂಟ್ ಸೂಟ್. ದಪ್ಪ ಪ್ಯಾಡ್ ಇಟ್ಟ ಭುಜ, ಮೊಣಕಾಲಿನತ್ತ ಇಳಿಯುವ ಕೋಟು, ಸೊಂಟಕ್ಕಿಂತ ಬಹಳ ಮೇಲೇರಿದ ಪ್ಯಾಂಟು, ಮೊಣಕಾಲಿನ ಬಳಿ ಹರಡಿಕೊಂಡು ಕಣಕಾಲಿನಲ್ಲಿ ಬಿಗಿಯಾಗುವ ಅದರ ಕಾಲುಗಳು: ಇವೆಲ್ಲವನ್ನೂ ಬ್ರೌನ್ ಪೇಪರಿನ ಮೇಲೆ ನಿಜ ಅಳತೆಗೆ ಹಿಗ್ಗಿಸಿ, ಕೋರಾ ಬಟ್ಟೆಯ ಮೇಲೆ ಹರಡಿದಾಗ ವಿದ್ಯಾರ್ಥಿಗಳು ಮೊದಲು ಗಮನಿಸುವುದು ಅದು ನುಂಗುವ ಬಟ್ಟೆಯನ್ನು. ಅದೇ ಪನ್ನದ ಬಟ್ಟೆಯ ಮೇಲೆ ಯುದ್ಧಕಾಲದ ನಿಯಮಕ್ಕೆ ಒಳಪಟ್ಟ ಸಾಧಾರಣ ಸೂಟಿನ ತುಂಡುಗಳನ್ನೂ ಜೋಡಿಸಲು ಹೇಳುತ್ತೇನೆ. 1942ರಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿಯು ಉಣ್ಣೆಯನ್ನು ಉಳಿಸಲು ಪ್ಯಾಂಟಿನ ಕೆಳಮಡಿಕೆಯನ್ನೂ ಪ್ಲೀಟುಗಳನ್ನೂ ನಿಷೇಧಿಸಿತ್ತು. ಎರಡೂ ಜೋಡಣೆಗಳನ್ನು ಅಕ್ಕಪಕ್ಕದಲ್ಲಿ ಕಂಡ ಮೇಲೆ, 1943ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ನೌಕಾಪಡೆಯ ಸಿಬ್ಬಂದಿ ಮತ್ತು ಸೈನಿಕರು ಮೆಕ್ಸಿಕನ್ ಮೂಲದ ಯುವಕರನ್ನು ಹೊಡೆದು, ಅವರ ಮೈಮೇಲಿನ ಝೂಟ್ ಸೂಟುಗಳನ್ನು ಕಿತ್ತೆಸೆದದ್ದರ ಹಿಂದೆ ದೇಶಭಕ್ತಿಯ ಹೆಸರಿನಲ್ಲಿ ಯಾವ ಬಗೆಯ ವರ್ಣದ್ವೇಷ ಕೆಲಸ ಮಾಡಿತ್ತು ಎಂಬ ಚರ್ಚೆ ತರಗತಿಯಲ್ಲಿ ತಾನಾಗಿಯೇ ಹುಟ್ಟುತ್ತದೆ.

ಹದಿನೆಂಟನೆಯ ಶತಮಾನದ ಬನ್ಯನ್ ಇನ್ನೊಂದು ಬಗೆಯ ಪಾಠ. ಇದು ಇಂದಿನ ಒಳ ಅಂಗಿಯಲ್ಲ, ಯುರೋಪಿನ ಗಂಡಸರು ಮನೆಯಲ್ಲಿ ತೊಡುತ್ತಿದ್ದ ಸಡಿಲವಾದ ನಿಲುವಂಗಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಮೂಲಕ ಜಪಾನಿನಿಂದ ಬಂದ ಕಿಮೋನೊಗಳಿಗೆ ಬೇಡಿಕೆ ಹೆಚ್ಚಿದಾಗ, ಅದೇ ಮಾದರಿಯ ನಿಲುವಂಗಿಗಳನ್ನು ಕೋರಮಂಡಲ ತೀರದಲ್ಲಿ ಬಣ್ಣ ಹಾಕಿದ ಹತ್ತಿ ಬಟ್ಟೆಯಲ್ಲೂ ಹೊಲಿಸಲಾಯಿತು. ದಕ್ಷಿಣ ಭಾರತದ ಕುಶಲಕರ್ಮಿಗಳ ಕೈಕೆಲಸ ಆಮ್‌ಸ್ಟರ್‌ಡಾಮಿನ ಮನೆಗಳನ್ನು ಹೊಕ್ಕ ಈ ಕಥೆಯನ್ನು ನಮ್ಮ ಮಕ್ಕಳು ತಮ್ಮ ಕೈಯಾರೆ ಹೊಲಿದು ಕಲಿಯುವುದು ನನಗೆ ಅತ್ಯಂತ ಸಂತೋಷದ ವಿಷಯ. ಆಗ ಹೊಲಿಗೆ ಯಂತ್ರ ಇರಲಿಲ್ಲವಾದ್ದರಿಂದ ಕನಿಷ್ಠ ಒಂದು ತೋಳನ್ನಾದರೂ ಕೈಹೊಲಿಗೆಯಲ್ಲೇ ಮುಗಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಕೊರತೆಗಳೂ ಇವೆ. ಪೇಟೆಯಲ್ಲಿ ಸಿಗುವ ಪ್ಯಾಟರ್ನ್‌ಗಳಂತೆ ಇವು ಹಲವು ಅಳತೆಗಳಲ್ಲಿ ಬರುವುದಿಲ್ಲ; ಉಳಿದುಬಂದ ಉಡುಪಿನ ಅಳತೆ ಯಾವುದೋ ಅದೇ ಪ್ಯಾಟರ್ನಿನ ಅಳತೆ. ವಿದ್ಯಾರ್ಥಿಯ ಮೈಗೆ ಹೊಂದಿಸಬೇಕಾದರೆ ಭುಜ, ಕಂಕುಳು, ಸೊಂಟಗಳನ್ನು ಮತ್ತೆ ತಿದ್ದಬೇಕು. ಹೊಲಿಗೆಯ ಕ್ರಮವನ್ನು ಕೈಹಿಡಿದು ನಡೆಸುವಷ್ಟು ವಿವರವನ್ನೂ ಇವುಗಳಿಂದ ನಿರೀಕ್ಷಿಸಬಾರದು. ಕೋಟಿನ ಕಾಲರ್ ಕೂರಿಸಲು ಬಾರದವರಿಗೆ ಝೂಟ್ ಸೂಟ್ ಕೊಟ್ಟರೆ ಅವರು ಕಂಗೆಡುವುದು ಖಂಡಿತ. ಹೀಗಾಗಿ ಮೊದಲ ವರ್ಷದವರಿಗೆ ಬನ್ಯನ್, ಮೂರನೆಯ ವರ್ಷದವರಿಗೆ ಝೂಟ್ ಸೂಟ್ ಎಂಬುದು ನನ್ನ ಸಲಹೆ. ಅದನ್ನೂ ತಂಡಗಳಲ್ಲಿ ಮಾಡಿಸಬೇಕು, ಪೂರ್ತಿ ಉಣ್ಣೆಯಲ್ಲಿ ಹೊಲಿಸುವ ಖರ್ಚಿಗೆ ಹೋಗದೆ ಕೋರಾ ಬಟ್ಟೆಯ ಮಾದರಿಯಲ್ಲೇ ನಿಲ್ಲಿಸಬೇಕು. ಬಟ್ಟೆಯ ಜೋಲು ನೋಡಲೇಬೇಕೆಂದಿದ್ದರೆ ಒಂದು ಪ್ಯಾಂಟಿನ ಕಾಲನ್ನು ಮಾತ್ರ ಉಣ್ಣೆ ಮಿಶ್ರಿತ ಸೂಟಿಂಗ್ ಬಟ್ಟೆಯಲ್ಲಿ ಹೊಲಿಸಿದರೆ ಸಾಕು.